ಪಾಸಾಗಿ ಬಿಡ್ರಿ

ನಾವು ಮೂವರೂ ಪರೀಕ್ಷೆ ಬರೆಯದೇ ಪಾಸಾದ ಬ್ಯಾಚಿನವರು. 2021ರಲ್ಲಿ ಕೊರೋನಾ ಕಾರಣಕ್ಕೆ ದ್ವಿತೀಯ ಪಿಯುಸಿ ಪರೀಕ್ಷೆ ರದ್ದು ಮಾಡಿ, ಎಸ್ಸೆಸ್ಸೆಲ್ಸಿ ಮತ್ತು ಪ್ರಥಮ ಪಿಯುಸಿ ಅಂಕ ನೋಡಿ ರಾಜ್ಯದ ಎಲ್ಲರನ್ನೂ ಪಾಸು ಮಾಡಿದ್ರಲ್ಲ, ಅದೇ ಬ್ಯಾಚು. ಊರಲ್ಲಿ ಚಹಾದಂಗಡಿಯ ಮುದುಕರು ಕೂಡ ನಮ್ಮನ್ನ ಕಂಡ್ರೆ "ಕೊರೋನಾ ಪಾಸು ಬಂತು ನೋಡ್ರಪಾ" ಅಂತ ನಗ್ತಿದ್ರು. ನಾವೂ ನಗ್ತಿದ್ವಿ. ಆ ನಗು ನಿಂತದ್ದು ಈ ಕಾಲೇಜಿನ ಮೊದಲ ಸೆಮಿಸ್ಟರಿನಲ್ಲಿ.

ಈ ಬರಹದಲ್ಲಿ ನಮ್ಮ ಹೆಸರು ಬರೋದಿಲ್ಲ. ಹಾಸ್ಟೆಲಿನಲ್ಲೂ ನಮ್ಮನ್ನು ಹೆಸರು ಹಿಡಿದು ಕರೆದವರು ಕಡಿಮೆ. ಒಬ್ಬಳು ಸಿಂಧನೂರು, ಒಬ್ಬಳು ಮಸ್ಕಿ, ಒಬ್ಬಳು ಲಿಂಗಸೂಗೂರು. "ಏ ಮಸ್ಕಿ, ಬಕೆಟ್ ಖಾಲಿ ಆಯ್ತೇನೇ?" ಅಂತ ಬೆಂಗಳೂರಿನ ಹುಡುಗಿಯರು ಕಾರಿಡಾರಿನಲ್ಲಿ ಕೂಗ್ತಿದ್ರು. ಇಲ್ಲೂ ಹಾಗೇ ಇರಲಿ. ಮೂವರಲ್ಲಿ ಇಬ್ಬರು ಈಗ ಇಲ್ಲೇ ಎಂಟನೇ ಸೆಮಿಸ್ಟರಿನಲ್ಲಿದ್ದೇವೆ. ಮಸ್ಕಿ ನಮ್ಮ ಕಡೆಯ ಸರ್ಕಾರಿ ಮೆಡಿಕಲ್ ಕಾಲೇಜೊಂದರಲ್ಲಿ ಎಂಬಿಬಿಎಸ್ ಮೊದಲ ವರ್ಷ. ಬರೆದದ್ದು ಮೂವರೂ ಕೂಡಿ, ಫೋನಿನಲ್ಲಿ, ಸಾಕಷ್ಟು ಜಗಳಾಡಿಕೊಂಡು.

ನಾವು ಒಬ್ಬರನ್ನೊಬ್ಬರು ಮೊದಲು ಕಂಡದ್ದು ಬೆಂಗಳೂರಿನಲ್ಲಲ್ಲ, ಲಿಂಗಸೂಗೂರಿನ ಎಸಿ ಆಫೀಸಿನ ಮುಂದೆ. ನಮ್ಮ ಭಾಗದ ಹುಡುಗರಿಗೆ ಗೊತ್ತಿರುತ್ತದೆ, ಉಳಿದವರಿಗೆ ಹೇಳಬೇಕು: ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ಪ್ರಕಾರ ಕಲ್ಯಾಣ ಕರ್ನಾಟಕದೊಳಗಿನ ಕಾಲೇಜುಗಳಲ್ಲಿ ನಮಗೆ ಶೇ. 70 ಸೀಟು, ಹೊರಗಿನ ಕಾಲೇಜುಗಳಲ್ಲಿ ಶೇ. 8. ಅದಕ್ಕೊಂದು ಅರ್ಹತಾ ಪ್ರಮಾಣಪತ್ರ ಬೇಕು, ಅದಕ್ಕೆ ಉಪವಿಭಾಗದ ಸಹಾಯಕ ಆಯುಕ್ತರ ಸಹಿ ಬೇಕು. ಸಿಂಧನೂರು, ಮಸ್ಕಿ ಎರಡೂ ಲಿಂಗಸೂಗೂರು ಉಪವಿಭಾಗ. ಹೀಗಾಗಿ ಕೈಯಲ್ಲಿ ಫೈಲು ಹಿಡಿದು, ಮಾಸ್ಕು ಗದ್ದಕ್ಕೆ ಇಳಿಸಿಕೊಂಡು, ಮೂವರು ಅಪ್ಪಂದಿರು ಮತ್ತು ಮೂವರು ಮಕ್ಕಳು ಒಂದೇ ಬೇವಿನ ಗಿಡದ ನೆರಳಿಗೆ ನಿಂತಿದ್ವಿ. ಅಪ್ಪಂದಿರೇ ಮೊದಲು ಮಾತಾಡಿದ್ದು. ಸಿಂಧನೂರಿನ ಅಪ್ಪ ರೈಸ್‌ಮಿಲ್ಲಿನಲ್ಲಿ ಗುಮಾಸ್ತ, ಮಸ್ಕಿಯ ಅಪ್ಪ ಪ್ರೈಮರಿ ಶಾಲೆ ಮಾಸ್ತರ, ಲಿಂಗಸೂಗೂರಿನ ಅಪ್ಪ ಹಟ್ಟಿ ಚಿನ್ನದ ಗಣಿಯಲ್ಲಿ ಅಂಡರ್‌ಗ್ರೌಂಡ್ ಕೆಲಸ. "ಏನ್ ಮಾಡಸ್ತೀರಿ ಮಗಳಿಗೆ?" ಅಂದ್ರೆ ಮೂವರದ್ದೂ ಒಂದೇ ಉತ್ತರ, "ಡಾಕ್ಟರ್ ಆಗ್ಲಿ ಅಂತ ಐತ್ರಿ, ನೋಡಬೇಕು."

ನೋಡಿದ್ದಾಯ್ತು. 2021ರ ಸೆಪ್ಟೆಂಬರ್ 12ಕ್ಕೆ ನೀಟ್ ಬರೆದ್ವಿ. ಒಂದೂವರೆ ವರ್ಷ ಮೊಬೈಲಿನಲ್ಲಿ ಕ್ಲಾಸು ಕೇಳಿ, ಅರ್ಧ ಹೊತ್ತು ನೆಟ್ವರ್ಕ್ ಹುಡುಕಿ ಮಾಳಿಗೆ ಹತ್ತಿ ಇಳಿದವರಿಗೆ 720ಕ್ಕೆ ಎಷ್ಟು ಬರಬೇಕೋ ಅಷ್ಟೇ ಬಂತು. ಮೂವರದ್ದೂ 250ರ ಕೆಳಗೆ. ಸಿಇಟಿ ಪರವಾಗಿಲ್ಲ ಅನ್ನುವಷ್ಟು ಆಗಿತ್ತು. ಆ ವರ್ಷ ಪಿಯು ಅಂಕ ಸೇರಿಸದೆ ಬರೀ ಸಿಇಟಿ ಅಂಕದ ಮೇಲೆ ರ‍್ಯಾಂಕು ಕೊಟ್ಟದ್ದೂ ಅನುಕೂಲ ಆಯ್ತು. ಅಲ್ಲಿಂದ ಇಲ್ಲಿಗೆ. ಅಡ್ಮಿಷನ್ ದಿನ ಕ್ಯೂನಲ್ಲಿ ಮತ್ತೆ ಅದೇ ಮೂವರು ಅಪ್ಪಂದಿರು! "ಅರೆ, ನೀವೂ ಇಲ್ಲೇ ಬಂದ್ರೇನ್ರಿ" ಅಂತ ಕೈ ಹಿಡಿದುಕೊಂಡರು. ನಾವು ಮೂವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಡಾಕ್ಟರ್ ಆಗದವರ ಕ್ಯೂ ಅದು, ನಮ್ಮ ಲೆಕ್ಕಕ್ಕೆ.

ಕಾಲೇಜಿನ ಬಗ್ಗೆ ದೂರಿಲ್ಲ. ದೂರು ಇರೋದು ನಮ್ಮ ಮೇಲೆಯೇ. ಡಿಸೆಂಬರಿನಲ್ಲಿ ಕ್ಲಾಸು ಶುರುವಾದಾಗ ನಮಗೆ ಒಂದು ವಿಷಯ ಗೊತ್ತಿರಲಿಲ್ಲ: ಮೂರು ತಾಸು ಕೂತು ಉತ್ತರ ಬರೆಯೋದು ಕೈಗೇ ಮರೆತುಹೋಗಿತ್ತು. ಹತ್ತನೇ ತನಕ ಕನ್ನಡ ಮಾಧ್ಯಮ, ಆಮೇಲಿನ ಎರಡು ವರ್ಷ ಮೊಬೈಲ್ ಮಾಧ್ಯಮ. ಕ್ಯಾಲ್ಕುಲಸ್ ಮೇಷ್ಟ್ರು ಬೋರ್ಡಿನ ಎಡಗಡೆ ಶುರು ಮಾಡಿ ಬಲಗಡೆ ಮುಟ್ಟುವಷ್ಟರಲ್ಲಿ ನಾವು ಇನ್ನೂ ಹೆಡ್ಡಿಂಗಿಗೆ ಗೆರೆ ಹಾಕ್ತಿದ್ವಿ. ಡೌಟು ಕೇಳೋಕೆ ಇಂಗ್ಲಿಷು ಜೋಡಿಸಿಕೊಳ್ಳುವ ಹೊತ್ತಿಗೆ ಗಂಟೆ ಹೊಡೀತಿತ್ತು. ಬಾಯಿಬಿಟ್ಟು ಕನ್ನಡದಲ್ಲೇ ಕೇಳಿದ್ರೆ ನಮ್ಮ "ಹೆಂಗ್ರಿ ಸರ, ತಿಳೀಲಿಲ್ರಿ"ಗೆ ಹಿಂದಿನ ಬೆಂಚು ನಗ್ತಿತ್ತು. ಅವರು ಕೆಟ್ಟವರಲ್ಲ, ಈಗ ಅವರೇ ನಮ್ಮ ಹಾಗೆ "ಹೌದಲ್ರಿ ಮತ್ತ" ಅಂತಾರೆ. ಆದರೆ ಆವಾಗ ಉರೀತಿತ್ತು. ಒಂದಿನ ಮೆಸ್ಸಿನ ಮೂಲೆಯಲ್ಲಿ ಅಕ್ಕಿ ಚೀಲ ನೋಡಿ ಸಿಂಧನೂರು ಅತ್ತುಬಿಟ್ಲು. ಚೀಲದ ಮೇಲೆ ಅವಳ ಊರಿನ ಹೆಸರಿತ್ತು. ಸೋನಾ ಮಸೂರಿ. "ನಮ್ಮೂರ ಅಕ್ಕಿನೂ ಇಲ್ಲಿಗೆ ಬಂದು ಹಿಂಗ ಮೆತ್ತಗ ಆಗ್ತದಲ್ಲಬೇ" ಅಂದ್ಲು. ನಗಬೇಕೋ ಅಳಬೇಕೋ ತಿಳೀಲಿಲ್ಲ.

ಫಲಿತಾಂಶ ಬಂದ ರಾತ್ರಿ: ಸಿಂಧನೂರಿಗೆ ಮೂರು ಬ್ಯಾಕ್‌ಲಾಗ್, ಮಸ್ಕಿಗೆ ಎರಡು, ಲಿಂಗಸೂಗೂರಿಗೆ ಒಂದು. ಗಣಿತ ಮೂವರದ್ದೂ ಹೋಗಿತ್ತು. ಲೈಟು ಆರಿಸಿ, ಒಂದೇ ಮಂಚದ ಮೇಲೆ ಮೂವರು ಕೂತು, ಹನ್ನೆರಡು ಗಂಟೆಗೆ ಒಂದು ತೀರ್ಮಾನಕ್ಕೆ ಬಂದ್ವಿ. ನಾವು ಹುಟ್ಟಿದ್ದೇ ಡಾಕ್ಟರಾಗೋಕೆ. ಎಂಜಿನಿಯರಿಂಗು ನಮಗೆ ಆಗಿಬರಲ್ಲ. ನಾಳೆಯೇ ಬಿಟ್ಟು ಊರಿಗೆ ಹೋಗಿ ನೀಟ್ ಓದೋಣ. ಎಷ್ಟು ಹಗುರ ಅನ್ನಿಸಿತೆಂದರೆ ಆ ರಾತ್ರಿ ನಿದ್ದೆ ಚೆನ್ನಾಗಿ ಬಂತು. ಈಗ ಹೇಳಬಹುದು, ಆ ಹಗುರವೇ ಅನುಮಾನ ಹುಟ್ಟಿಸಬೇಕಿತ್ತು. ಮೆಡಿಕಲ್ ಬೇಕು ಅನ್ನೋದಕ್ಕಿಂತ ಗಣಿತ ಬೇಡ ಅನ್ನೋದೇ ಅದರಲ್ಲಿ ಜಾಸ್ತಿ ಇತ್ತು. ಪುಣ್ಯಕ್ಕೆ 2022ರ ನೀಟ್ ಅರ್ಜಿಯ ದಿನ ಮುಗಿದುಹೋಗಿತ್ತು.

ಊರಿಗೆ ಹೋಗುವ ಬಸ್ಸು ನಮ್ಮ ಮೂವರಿಗೂ ಒಂದೇ. ಬಳ್ಳಾರಿ, ಸಿರುಗುಪ್ಪ ದಾಟಿ ಬೆಳಗಿನ ಜಾವ ಸಿಂಧನೂರು, ಆಮೇಲೆ ಮಸ್ಕಿ, ಕೊನೆಗೆ ಲಿಂಗಸೂಗೂರು. ಮೂರೂ ಊರು 150ಎ ಹೆದ್ದಾರಿಗೆ ದಾರದಲ್ಲಿ ಪೋಣಿಸಿದ ಹಾಗೆ ಇವೆ. ಬರುವಾಗ ಲಿಂಗಸೂಗೂರಿನವಳು ಮೊದಲು ಹತ್ತಿ ಎರಡು ಸೀಟಿಗೆ ವೇಲ್ ಹಾಸಿಕೊಂಡು ಬರಬೇಕು, ಕಂಡಕ್ಟರ್ ಕೈಲಿ ಬೈಸಿಕೊಳ್ಳಬೇಕು. ಹೋಗುವಾಗ ಕೊನೆಗೆ ಇಳಿಯುವವಳೂ ಅವಳೇ. ಆ ಸಲ ಯಾರೂ ನಡುವೆ ಇಳಿಯಲಿಲ್ಲ. ಮನೆಯಲ್ಲಿ ಹೇಳುವ ಧೈರ್ಯ ಇಲ್ಲದೆ ಮೂವರೂ ಲಿಂಗಸೂಗೂರಿನವಳ ಮನೆಗೇ ಹೋದ್ವಿ.

ಅವಳಪ್ಪ ರಾತ್ರಿ ಪಾಳಿ ಮುಗಿಸಿ ಬಂದು, ಮುಖ ತೊಳೆದು, ಮಂಡಾಳ ಒಗ್ಗರಣೆ, ಮಿರ್ಚಿ ತಟ್ಟೆ ನಮ್ಮ ಮುಂದಿಟ್ಟು ಎಲ್ಲಾ ಕೇಳಿಸಿಕೊಂಡರು. ಬೈಯಲಿಲ್ಲ. "ಎಷ್ಟರಾಗ ಫೇಲು?" ಅಂದ್ರು. ಹೇಳಿದ್ವಿ.

"ಫೇಲಾಗಿ ಬಿಡಬ್ಯಾಡ್ರವ್ವಾ. ಪಾಸಾಗಿ ಬಿಡ್ರಿ."

ಅಷ್ಟೇ. ಎದ್ದು ಮಲಗೋಕೆ ಹೋದರು. ನಮಗೆ ಅದು ಮೊದಲಿಗೆ ಏನೂ ಅನ್ನಿಸಲಿಲ್ಲ. ಇದೇನು, ಬಿಡಬ್ಯಾಡ್ರಿ ಅನ್ನೋದನ್ನೇ ಸುತ್ತಿ ಹೇಳಿದ್ರು ಅಂದುಕೊಂಡ್ವಿ. ಆದರೆ ಒಗ್ಗರಣೆ ಮುಗಿಯುವ ಹೊತ್ತಿಗೆ ಒಂದು ಕರಾರು ಆಗಿತ್ತು: ಎರಡನೇ ಸೆಮಿಸ್ಟರು, ಹಿಂದಿನ ಬ್ಯಾಕ್‌ಲಾಗು ಎಲ್ಲಾ ತೆಗೀಬೇಕು. ತೆಗೆದಮೇಲೂ ಯಾರಿಗೆ ಬಿಡಬೇಕು ಅನ್ನಿಸುತ್ತದೋ ಅವರು ಬಿಡಲಿ, ಉಳಿದಿಬ್ಬರು ಅವರ ಜೊತೆ ನಿಲ್ಲಬೇಕು.

ತೆಗೆದ್ವಿ. ಹೇಗೆ ಅನ್ನೋದು ದೊಡ್ಡ ಕಥೆ ಅಲ್ಲ. ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಗಡಿಯಾರ ಮುಂದಿಟ್ಟುಕೊಂಡು, ಮೂರು ತಾಸು ಏಳದೆ ಬರೆಯೋದು. ವಾರಕ್ಕೆರಡು ಸಲ. ಕೈ ನೋಯ್ತಿತ್ತು. ಮೂವರೂ ಪಾಸು.

ಆಮೇಲೆ ಬಂತು ನಿಜವಾದ ಫಜೀತಿ. ಓಡಿಹೋಗೋಕೆ ಕಾರಣ ಉಳಿದಿರಲಿಲ್ಲವಲ್ಲ, ಈಗ ಏನು ಬೇಕು ಅಂತ ಹೇಳಲೇಬೇಕಿತ್ತು.

ಸಿಂಧನೂರು ಸಿ ಪ್ರೋಗ್ರಾಮಿಂಗ್ ಲ್ಯಾಬಿಗಾಗಿ ಓದ್ತಾ ಓದ್ತಾ ಅಪ್ಪನ ಮಿಲ್ಲಿನ ತೂಕದ ಚೀಟಿಗೆ ಒಂದು ಪ್ರೋಗ್ರಾಮ್ ಬರೆದಿದ್ಲು. ನಮ್ಮ ಕಡೆ ಭತ್ತದ ರೇಟು 75 ಕೆಜಿ ಚೀಲದ ಲೆಕ್ಕ. ವೇಬ್ರಿಡ್ಜಿನ ತೂಕ ಹಾಕಿದ್ರೆ ಚೀಲ ಎಷ್ಟು, ತೇವಕ್ಕೆ ಕಳೆಯೋದೆಷ್ಟು, ರೈತನ ಕೈಗೆ ಎಷ್ಟು ಅಂತ ತೋರಿಸೋದು. ನಲವತ್ತು ಸಾಲಿನ ಪ್ರೋಗ್ರಾಮು. ಅವಳಪ್ಪ ಅದರ ಉತ್ತರವನ್ನು ತಮ್ಮ ಹಳೇ ಖಾತೆಯ ಜೊತೆ ಹೋಲಿಸಿ ನೋಡಿ, ಒಂದು ಕಡೆ ತಮ್ಮದೇ ಕೂಡಿಸಿದ್ದು ತಪ್ಪಿದ್ದು ಕಂಡು, ಎರಡು ದಿನ ಮಾತಾಡಿರಲಿಲ್ಲವಂತೆ. ಜೀವಶಾಸ್ತ್ರದ ಪುಸ್ತಕ ಕೈಗೆತ್ತಿಕೊಂಡು ಎಷ್ಟು ದಿನ ಆಯ್ತು ಅಂತ ಸಿಂಧನೂರು ಲೆಕ್ಕ ಹಾಕಿದಾಗ ನಾಲ್ಕು ತಿಂಗಳಾಗಿತ್ತು. "ನಾ ಇಲ್ಲೇ ಇರ್ತೀನಿ" ಅಂದ್ಲು.

ಮಸ್ಕಿಯ ಕಥೆ ಬೇರೆ. ರಜೆಯಲ್ಲಿ ಅವಳ ಅಜ್ಜಿಗೆ ಸಕ್ಕರೆ ಕಾಯಿಲೆಯಿಂದ ಕಾಲು ಬೆರಳು ಕೊಳೆತು, ಬೆರಳು ತೆಗೆಯಬೇಕಾಯ್ತು. ಒಂಬತ್ತು ದಿನ ಆಸ್ಪತ್ರೆಯಲ್ಲಿ ಅಜ್ಜಿಯ ಜೊತೆ ಇದ್ದವಳು ಮಸ್ಕಿ. ಡ್ರೆಸ್ಸಿಂಗ್ ಮಾಡುವಾಗ ಮನೆಯವರೆಲ್ಲ ಹೊರಗೆ ಹೋಗ್ತಿದ್ರು, ಇವಳು ಹತ್ತಿರ ಹೋಗಿ ನಿಲ್ತಿದ್ಲು. ನರ್ಸಮ್ಮ ಬೈದು, ಆಮೇಲೆ ಬೈಯೋದು ಬಿಟ್ಟು, ಕೊನೆಗೆ ಹತ್ತಿ ಹಿಡಿದುಕೊಳ್ಳೋಕೆ ಕೊಟ್ರು. ಬೆರಳಿಗೆ ಗಾಯ ಆದದ್ದು ಅಜ್ಜಿಗೆ ಯಾಕೆ ತಿಳೀಲಿಲ್ಲ, ಸಕ್ಕರೆ ನರಕ್ಕೆ ಏನು ಮಾಡುತ್ತೆ ಅಂತ ಅವಳು ಪಕ್ಕದ ಮಂಚದವರಿಗೂ ಹೇಳಿಕೊಡ್ತಿದ್ಲಂತೆ. "ಒಂಬತ್ತು ದಿನ ಮೊಬೈಲ್ ನೋಡಿಲ್ಲಬೇ ನಾ" ಅಂದಾಗ ನಮ್ಮಿಬ್ಬರಿಗೂ ಗೊತ್ತಾಯ್ತು, ಇವಳು ಹೋಗ್ತಾಳೆ.

ಇಲ್ಲಿಂದ ಮುಂದಿನದನ್ನು ಬರೆಯುವಾಗ ನಮ್ಮಲ್ಲಿ ಒಮ್ಮತ ಆಗಲಿಲ್ಲ. ಹೋಗುವ ಮುಂಚೆ ಮಸ್ಕಿ ಸಿಂಧನೂರಿಗೆ "ನೀ ಹೆದರಿದಿ, ಅದಕ್ಕ ಉಳಿದಿ" ಅಂದ್ಲು. ಸಿಂಧನೂರು "ನೀ ಗಣಿತಕ್ಕ ಹೆದರಿ ಓಡಾಕತ್ತಿ" ಅಂದ್ಲು. ಮಸ್ಕಿ ಪ್ರಕಾರ ಎರಡನೆಯದನ್ನು ಮೊದಲು ಅಂದದ್ದು. ಮೂರು ವಾರ ಮಾತಿಲ್ಲ. ಟಿಸಿ, ಮಾರ್ಕ್ಸ್ ಕಾರ್ಡು ತಗೊಂಡು ಮಸ್ಕಿ ಒಬ್ಬಳೇ ಬಸ್ಸು ಹತ್ತಿದ್ಲು. ಲಿಂಗಸೂಗೂರು ಒಬ್ಬಳೇ ಬಸ್‌ಸ್ಟ್ಯಾಂಡಿಗೆ ಹೋಗಿದ್ದು.

ಲಿಂಗಸೂಗೂರಿನದು ಎರಡು ದೋಣಿಯ ಮೇಲೆ ಕಾಲು. ಕಾಲೇಜೂ ಬಿಡಲ್ಲ, ನೀಟೂ ಬರೀತೀನಿ ಅಂತ ಹೊರಟ್ಲು. ಹಗಲು ನೆಟ್ವರ್ಕ್ ಅನಾಲಿಸಿಸ್, ರಾತ್ರಿ ಮನುಷ್ಯನ ಮೂತ್ರಪಿಂಡ. 2023ರಲ್ಲಿ ನೀಟಿನಲ್ಲಿ 301 ಅಂಕ, ಕಾಲೇಜಿನಲ್ಲಿ ಎರಡು ಹೊಸ ಬ್ಯಾಕ್‌ಲಾಗು. ಇದನ್ನು ಓದುತ್ತಿರುವ ಯಾರಾದರೂ ಈಗ ಇದನ್ನೇ ಮಾಡ್ತಿದ್ರೆ, ದಯವಿಟ್ಟು ಒಂದನ್ನು ಬಿಡಿ. ಯಾವುದನ್ನು ಅಂತ ನಾವು ಹೇಳಲ್ಲ. ಆದರೆ ಅವಳಿಗೆ ಒಂದು ಲಾಭ ಆಯ್ತು: ಭೌತಶಾಸ್ತ್ರ ಇನ್ನೊಬ್ಬರಿಗೆ ಹೇಳಿಕೊಡೋದು ಬಂತು.

ಮಸ್ಕಿಗೆ ಬೇಕಿದ್ದದ್ದು ಅದೇ. ನೀಟಿನ 720ರಲ್ಲಿ ಜೀವಶಾಸ್ತ್ರವೇ 360. ಅದನ್ನು ಅವಳು ಎನ್‌ಸಿಇಆರ್‌ಟಿ ಪುಸ್ತಕದಿಂದ ಸಾಲು ಸಾಲಾಗಿ ಓದಿ ಹಿಡಿತಕ್ಕೆ ತಂದುಕೊಂಡಳು. ಓದುವ ರೀತಿ ಮಾತ್ರ ಅವಳದೇ. ಇಂಗ್ಲಿಷಿನ ಒಂದು ಪ್ಯಾರಾ ಓದಿ, ಪುಸ್ತಕ ಮುಚ್ಚಿ, ಅದನ್ನೇ ಅವ್ವನಿಗೆ ನಮ್ಮ ಮಾತಿನಲ್ಲಿ ಹೇಳೋದು. ಅವ್ವ "ತಿಳೀಲಿಲ್ಲ" ಅಂದ್ರೆ ಆ ಪಾಠ ಮತ್ತೆ.

ಸಿ3, ಸಿ4 ಸಸ್ಯಗಳ ಪಾಠ ನಮಗೆಲ್ಲ ಗೊಂದಲ ಇತ್ತು, ನಿಮಗೂ ಪಿಯುಸಿಯಲ್ಲಿ ಇದ್ದಿರಬಹುದು. ಮಸ್ಕಿ ಅದನ್ನು ಹೀಗೆ ಹೇಳ್ತಾಳೆ. ಸಿಂಧನೂರು ಸಿ3, ಮಸ್ಕಿ ಸಿ4. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗದ್ದೆ ತುಂಬಾ ನಿಂತು ಬೆಳೆಯೋ ಭತ್ತ ಸಿ3: ಗಾಳಿಯ ಇಂಗಾಲ ಹಿಡಿದಾಗ ಮೊದಲು ಆಗೋದು ಮೂರು ಇಂಗಾಲದ ಅಣು. ಬಿಸಿಲು ಏರಿತು ಅಂದ್ರೆ ಅದರ ಕಿಣ್ವ ಇಂಗಾಲದ ಡೈಆಕ್ಸೈಡಿನ ಬದಲು ಆಮ್ಲಜನಕಕ್ಕೇ ಕೈಹಾಕಿ, ದುಡಿದದ್ದು ಸ್ವಲ್ಪ ದಂಡ ಮಾಡುತ್ತೆ. ಎರೆಹೊಲದ ಜೋಳ ಸಿ4: ಅದು ಮೊದಲು ನಾಲ್ಕು ಇಂಗಾಲದ ಅಣು ಮಾಡಿಕೊಂಡು, ಎಲೆಯ ನರದ ಸುತ್ತ ಇರುವ ಕೋಶಗಳ ಒಳಗೆ ಸಾಗಿಸಿ, ಅಲ್ಲಿ ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತೆ. ಅದಕ್ಕೇ ಬಿಸಿಲು ಹೆಚ್ಚಿದ್ರೂ, ನೀರು ಕಡಿಮೆ ಇದ್ರೂ ತಡಕೊಳ್ಳುತ್ತೆ. ಅವಳವ್ವ ಇದನ್ನು ಕೇಳಿ, "ಹಂಗಾರ ರೊಟ್ಟಿ ತಿಂದವ್ರು ಗಟ್ಟಿ ಅನ್ನಾದು ಪುಸ್ತಕದಾಗೂ ಐತಿ" ಅಂದ್ರಂತೆ. ಪುಸ್ತಕದಲ್ಲಿ ಹಾಗಿಲ್ಲ, ಆದರೆ ಆ ಪಾಠದ ಪ್ರಶ್ನೆ ಅವಳಿಗೆ ಮತ್ತೆ ತಪ್ಪಲಿಲ್ಲ.

ಭೌತಶಾಸ್ತ್ರ ಲಿಂಗಸೂಗೂರಿನ ವಾಯ್ಸ್ ನೋಟಿನಲ್ಲಿ. ಟಾರ್ಕ್ ಅಂದ್ರೆ ಬೀಸೋಕಲ್ಲು: ಗೂಟ ಅಂಚಿಗಿದ್ರೆ ಹಗುರ, ನಡುವಿಗೆ ಸರಿಸಿದ್ರೆ ಕೈ ಸೋಲುತ್ತೆ, ಬಲ ಅಷ್ಟೇ, ದೂರ ಬೇರೆ. ಹೀಗೆ ಮುನ್ನೂರಕ್ಕೂ ಹೆಚ್ಚು ವಾಯ್ಸ್ ನೋಟು. ಹಿಂದೆ ಹಾಸ್ಟೆಲ್ ಮೆಸ್ಸಿನ ತಟ್ಟೆ ಸದ್ದು ಕೇಳುತ್ತದೆ.

2023ರ ಮೇ 7ರಂದು ಪರೀಕ್ಷೆ, ಜೂನ್ 13ಕ್ಕೆ ಫಲಿತಾಂಶ. 489. ಜೀವಶಾಸ್ತ್ರ 298, ರಸಾಯನ 112, ಭೌತ 79. ಸಾಮಾನ್ಯ ವರ್ಗದ ಅರ್ಹತಾ ಅಂಕ 137 ಇದ್ದ ವರ್ಷ ಅದು. ಊರಲ್ಲಿ ಎಲ್ಲರೂ "ಪಾಸಾದಳಲ್ಲ, ಸೀಟು ಯಾಕ ಸಿಗಲಿಲ್ಲ?" ಅಂತ ಕೇಳೋರು. ಅರ್ಹತೆ ಬೇರೆ, ಸರ್ಕಾರಿ ಸೀಟು ಬೇರೆ ಅಂತ ಹೇಳಿ ಹೇಳಿ ಮಾಸ್ತರರಿಗೆ ಸಾಕಾಯ್ತು. ಮ್ಯಾನೇಜ್‌ಮೆಂಟ್ ಸೀಟಿನ ಮಾತೇ ಇಲ್ಲ, ಹೊಲ ಮಾರಿದರೂ ಒಂದು ವರ್ಷದ ಫೀಜಿಗೆ ಸಾಲಲ್ಲ.

ಈಗ ಎಂಜಿನಿಯರಿಂಗೂ ಇಲ್ಲ, ಮೆಡಿಕಲ್ಲೂ ಇಲ್ಲ. ಮನೆಯಲ್ಲಿ ಕೂತ ಹುಡುಗಿ. ನಮ್ಮ ಕಡೆ ಇದಕ್ಕೆ ಒಂದೇ ಔಷಧ ಗೊತ್ತು, ಲಗ್ನ. ದಿನಾ ಒಬ್ಬರಲ್ಲ ಒಬ್ಬರು ಮನೆಗೆ ಬಂದು, ಚಹಾ ಕುಡಿದು, ಅದೇ ಔಷಧಿ ಬರೆದುಕೊಟ್ಟು ಹೋಗೋರು. ಓದೋಕೆ ಜಾಗವೇ ಇಲ್ಲದ ಹಾಗಾಯ್ತು. ಆಗ ಸಿಂಧನೂರಿನ ಅವ್ವ, ತಮ್ಮ ಮಗಳನ್ನೂ ಕೇಳದೆ, ಮಸ್ಕಿಗೆ ಫೋನ್ ಮಾಡಿ, "ನಮ್ಮಾಕಿ ರೂಮು ಖಾಲಿ ಬಿದ್ದೈತಿ, ಬಂದು ಕುಂತು ಓದವ್ವಾ" ಅಂದ್ರು. ಅದೇ ಜೂನ್ 11ರಿಂದ ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ ಆಗಿತ್ತು. ಬೆಳಿಗ್ಗೆ ಮಸ್ಕಿಯಲ್ಲಿ ಹತ್ತಿ, ಮುಕ್ಕಾಲು ತಾಸಿಗೆ ಸಿಂಧನೂರಲ್ಲಿ ಇಳಿದು, ಸಂಜೆ ವಾಪಸ್. ಟಿಕೆಟಿಗೆ ದುಡ್ಡು ಕೇಳಬೇಕಾಗಿದ್ದರೆ ಇದು ಆಗ್ತಿರಲಿಲ್ಲ, ಕೇಳೋಕೆ ಅವಳಿಗೆ ಮುಖ ಇರಲಿಲ್ಲ. ಆ ಸೊನ್ನೆ ರೂಪಾಯಿ ಟಿಕೆಟುಗಳೆಲ್ಲ ಅವಳ ಪುಸ್ತಕದಲ್ಲಿ ಗುರುತಿಗೆ ಇಟ್ಟಿದ್ದು ಈಗಲೂ ಇವೆ.

ಸಿಂಧನೂರಿಗೆ ಇದು ಗೊತ್ತಾದದ್ದು ದಸರಾ ರಜೆಗೆ ಹೋದಾಗ. ತನ್ನ ಟೇಬಲ್ಲು, ತನ್ನ ಫ್ಯಾನು, ತನ್ನ ಅವ್ವ ಮಾಡಿದ ಶೇಂಗಾ ಹಿಂಡಿ, ಎದುರಿಗೆ ಜಗಳಾಡಿ ಹೋದವಳು. ಬಾಗಿಲಲ್ಲಿ ನಿಂತು, "ಆ ಕುರ್ಚಿ ಅಲ್ಲಾಡ್ತದ, ಕಾಗದ ಮಡಚಿ ಇಡು ಕಾಲಿಗೆ" ಅಂದ್ಲು. "ಇಟ್ಟೀನಿ" ಅಂದ್ಲು ಮಸ್ಕಿ. ಜಗಳ ಹೀಗೆ ಮುಗೀತು. ಯಾರೂ ತಪ್ಪಾಯ್ತು ಅನ್ನಲಿಲ್ಲ. ಅವ್ವ ತನಗಿಂತ ಇವಳನ್ನೇ ಹೆಚ್ಚು ವಿಚಾರಿಸ್ತಾಳೆ ಅನ್ನೋ ಸಿಟ್ಟು ಸಿಂಧನೂರಿಗೆ ಇನ್ನೂ ಪೂರ್ತಿ ಹೋಗಿಲ್ಲ, ಬರೆಯಿರಿ ಅಂತ ಅವಳೇ ಹೇಳಿದ್ದಾಳೆ.

ಆ ಅಕ್ಟೋಬರಿನಲ್ಲೇ 2024ರ ನೀಟಿಗೆ ಪಠ್ಯ ಬದಲಾಗಿ, ಜೀರ್ಣಕ್ರಿಯೆ, ಸಸ್ಯಗಳ ಖನಿಜ ಪೋಷಣೆಯಂಥ ಪಾಠಗಳು ಹೋದವು. ಅವಳು ಅಚ್ಚುಕಟ್ಟಾಗಿ ಕಲಿತದ್ದೇ ಅವು. ನವೆಂಬರಿನಲ್ಲಿ ಇನ್ನೊಂದು ಸುದ್ದಿ ಬಂತು, ನಮ್ಮ ಓದುಗರಲ್ಲಿ ಕೆಲವರಿಗೆ ಬೇಕಾಗಬಹುದು: ಪಿಯುಸಿಯಲ್ಲಿ ಜೀವಶಾಸ್ತ್ರ ತಗೊಳ್ಳದವರು ಆಮೇಲೆ ಅದನ್ನು ಹೆಚ್ಚುವರಿ ವಿಷಯವಾಗಿ ಬರೆದು ಪಾಸಾದರೂ ನೀಟಿಗೆ ಅರ್ಹರು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿತು. ವಯಸ್ಸಿನ ಮೇಲ್ಮಿತಿ 2022ರಲ್ಲೇ ಹೋಗಿತ್ತು. ಅಂದರೆ ಬಾಗಿಲು ತೆರೆದೇ ಇರುತ್ತೆ. ಅದು ಒಳ್ಳೆಯದೋ ಕೆಟ್ಟದ್ದೋ ನಮ್ಮಲ್ಲೇ ಎರಡು ಅಭಿಪ್ರಾಯ ಇದೆ.

ಸಂಜೆ ಮನೆಗೆ ಬಂದಮೇಲೆ ಅವಳು ಅಪ್ಪನ ಜೊತೆ ಅಶೋಕನ ಶಾಸನದ ಗುಡ್ಡದ ಕಡೆ ನಡೆಯೋಕೆ ಹೋಗ್ತಿದ್ಲು. 1915ರಲ್ಲಿ ಆ ಶಾಸನ ಕಂಡುಹಿಡಿದವನು ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್. ದೇವಾನಾಂಪ್ರಿಯ ಅಂತ ಎಲ್ಲಾ ಕಡೆ ಬರೆಸಿಕೊಂಡ ರಾಜ ಅಶೋಕನೇ ಅನ್ನೋದು ಗಟ್ಟಿ ಆದದ್ದು ಮಸ್ಕಿಯ ಬಂಡೆಯಿಂದ. "ನಮ್ಮೂರಿಗೆ ಹೆಸರು ತಂದವನೂ ಎಂಜಿನಿಯರೇ, ನೀ ನೋಡಿದ್ರ ಬಿಟ್ಟು ಬಂದಿ" ಅಂತ ಮಾಸ್ತರರು ಚೇಷ್ಟೆ ಮಾಡೋರು. ಆದರೆ ಓದು ಸಾಕು ಅಂತ ಒಂದು ದಿನವೂ ಅನ್ನಲಿಲ್ಲ.

ಜನವರಿಯಲ್ಲಿ ಹೆಣ್ಣು ನೋಡೋಕೆ ಬಂದೇಬಿಟ್ರು. ಅತ್ತೆಯ ಒತ್ತಾಯ. ಹುಡುಗ ಬೆಂಗಳೂರಿನಲ್ಲಿ ಎಂಜಿನಿಯರ್! ಅವಳು ಚಹಾದ ತಟ್ಟೆ ಹಿಡಿದು ಬರುವಾಗ ನಾವಿಬ್ಬರೂ ಇಲ್ಲಿ ಹಾಸ್ಟೆಲಿನಲ್ಲಿ ಫೋನ್ ಕಿವಿಗೆ ಒತ್ತಿಕೊಂಡು ಕೂತಿದ್ವಿ, ಅವಳ ತಂಗಿ ಕಾಲ್ ಚಾಲೂ ಇಟ್ಟು ಕಿಟಕಿಯಲ್ಲಿ ಇಟ್ಟಿದ್ಲು. ಹುಡುಗನ ಕಡೆಯ ಹಿರಿಯರೊಬ್ಬರು ಕೇಳಿದರು, "ಎಂಜಿನಿಯರಿಂಗ್ ಯಾಕ ಬಿಟ್ಟಿ ತಂಗಿ, ಫೇಲಾದೇನು?"

"ಇಲ್ರಿ. ಪಾಸಾಗಿ ಬಿಟ್ಟೀನ್ರಿ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವಳಪ್ಪನ ದನಿ: "ಮೇ ತಿಂಗಳದಾಗ ಪರೀಕ್ಷೆ ಐತ್ರಿ. ಅಲ್ಲೀತನಕ ಮಾತು ಬ್ಯಾಡ." ಬಂದವರು ಒಳ್ಳೆ ಜನ, ನಗುನಗುತ್ತಲೇ ಹೋದರು. ಅತ್ತೆ ಮಾತ್ರ ಆರು ತಿಂಗಳು ಮನೆಗೆ ಬರಲಿಲ್ಲ. ಫೇಲಾಗಿ ಬಂದಿದ್ದರೆ ಆ ಹೊತ್ತಿಗೆ ತನ್ನ ಬಾಯಿಂದ ಮಾತು ಹೊರಡ್ತಿರಲಿಲ್ಲ, ಅಪ್ಪನ ಬಾಯಿಂದಲೂ ಹೊರಡ್ತಿರಲಿಲ್ಲ ಅಂತ ಮಸ್ಕಿ ಇವತ್ತಿಗೂ ಹೇಳ್ತಾಳೆ.

2024ರ ಮೇ 5, ಭಾನುವಾರ. ಎರಡು ದಿನಕ್ಕೆ ನಮ್ಮ ಕಡೆ ಲೋಕಸಭೆ ಮತದಾನ, ಮಾಸ್ತರರಿಗೆ ಚುನಾವಣೆ ಡ್ಯೂಟಿ. ಪರೀಕ್ಷೆ ಕೇಂದ್ರ ಕಲಬುರಗಿ. ನಾವಿಬ್ಬರೂ ಹೋದ್ವಿ. ಹಿಂದಿನ ದಿನ ಅಕ್ಕಸಾಲಿಗರ ಅಂಗಡಿಯಲ್ಲಿ ಮೂಗುತಿ ತೆಗೆಸಬೇಕಾಯ್ತು, ತಿರುಪು ಎಂಟು ವರ್ಷದಿಂದ ಅಲ್ಲೇ ಕೂತಿತ್ತು, ಎಳೆಯುವಾಗ ಪರೀಕ್ಷೆಗಿಂತ ಹೆಚ್ಚು ಅತ್ತಳು. ಮಧ್ಯಾಹ್ನ 2ರಿಂದ 5:20. ಇನ್ನೂರು ಪ್ರಶ್ನೆ ಕೊಟ್ಟು 180ಕ್ಕೆ ಉತ್ತರ ಕೇಳುವ ಪದ್ಧತಿ ಆಗ. ನಾವು ಹೊರಗೆ ಅಂಗಡಿಯ ತಗಡಿನ ನೆರಳಲ್ಲಿ, ಉಳಿದ ಅಪ್ಪ ಅವ್ವಂದಿರ ನಡುವೆ. ಪಕ್ಕದಲ್ಲಿದ್ದ ಒಬ್ಬ ತಾಯಿ, "ನಿಮ್ಮ ಅಕ್ಕ ಬರಿಯಾಕತ್ತಾಳೇನ್ರವ್ವಾ?" ಅಂದ್ರು. ಹೌದು ಅಂದ್ವಿ.

ಜೂನ್ 4. ಟಿವಿ ತುಂಬಾ ಲೋಕಸಭೆ ಫಲಿತಾಂಶ. ನೀಟಿನದು ಜೂನ್ 14ಕ್ಕೆ ಅಂದಿದ್ದವರು ಅವತ್ತೇ ಬಿಟ್ಟರು. 587! ಜೀವಶಾಸ್ತ್ರ 331, ರಸಾಯನ 138, ಭೌತ 118. ಬೀಸೋಕಲ್ಲಿಗೆ ಜೈ ಅಂತ ಲಿಂಗಸೂಗೂರು ಮೆಸ್ಸಿನಲ್ಲಿ ಕುಣಿದ್ಲು. ಒಂದು ತಾಸು ಅಷ್ಟೇ ಆ ಖುಷಿ. 720ಕ್ಕೆ 720 ತೆಗೆದವರೇ 67 ಮಂದಿ ಇದ್ದರು. ಅರ್ಹತಾ ಅಂಕವೇ 137ರಿಂದ 160ರ ಮೇಲಕ್ಕೆ ಏರಿತ್ತು. ಅಂಕ ನೂರರಷ್ಟು ಜಿಗಿದರೂ ರ‍್ಯಾಂಕು ಆ ಲೆಕ್ಕಕ್ಕೆ ಜಿಗಿಯಲಿಲ್ಲ. ಆಮೇಲೆ ಪ್ರಶ್ನೆಪತ್ರಿಕೆ ಸೋರಿಕೆ ಸುದ್ದಿ, 1,563 ಮಂದಿಯ ಗ್ರೇಸ್ ಅಂಕ ವಾಪಸ್, ಅವರಿಗೆ ಜೂನ್ 23ಕ್ಕೆ ಮರುಪರೀಕ್ಷೆ, ಎಲ್ಲರದೂ ರದ್ದಾಗಬಹುದು ಅನ್ನೋ ಮಾತು.

ನಾವು ನೋಡಿದ ಮಟ್ಟಿಗೆ ಅವಳ ಎರಡು ವರ್ಷದಲ್ಲಿ ಅತ್ಯಂತ ಕಷ್ಟದ್ದು ಈ ಏಳು ವಾರ. ಫೇಲಾಗಿಲ್ಲ, ಪಾಸೂ ಆಗಿಲ್ಲ. ಗಂಟು ಕಟ್ಟಿ ಅಟ್ಟಕ್ಕೆ ಹಾಕಿದ್ದ ಪುಸ್ತಕ ಜೂನ್ ಕೊನೆಗೆ ಮತ್ತೆ ಇಳಿದವು. ಮತ್ತೆ ಬೆಳಗಿನ ಬಸ್ಸು, ಮತ್ತೆ ಅಲ್ಲಾಡುವ ಕುರ್ಚಿ. ಜುಲೈ 23ಕ್ಕೆ ಸುಪ್ರೀಂ ಕೋರ್ಟು ಪರೀಕ್ಷೆ ರದ್ದು ಮಾಡಲ್ಲ ಅಂದಾಗ ಅವಳು ಸಿಂಧನೂರಿನ ಅವ್ವನ ಜೊತೆ ಜೋಳ ಹಸನು ಮಾಡ್ತಾ ಕೂತಿದ್ಲಂತೆ. ಮರ ಕೆಳಗಿಡದೆ ಪೂರ್ತಿ ಹಸನು ಮಾಡಿಯೇ ಎದ್ದಳಂತೆ.

ಸೀಟು ಸಿಕ್ಕಿದ್ದು ಮೊದಲ ಸುತ್ತಿನಲ್ಲಲ್ಲ. ಸಿಕ್ಕಿದ್ದು 371(ಜೆ) ಕೋಟಾದಲ್ಲಿ, ಬೇವಿನ ಗಿಡದ ಕೆಳಗೆ ನಿಂತು ಮಾಡಿಸಿದ ಅದೇ ಕಾಗದದ ಮೇಲೆ. ಇದನ್ನು ಮುಚ್ಚಿಡಬೇಕು ಅಂತ ಕೆಲವರು ಹೇಳಿದರು, ನಾವು ಮುಚ್ಚಿಡಲ್ಲ. ನಮ್ಮ ಅಪ್ಪಂದಿರ ಕಾಲಕ್ಕೆ ಈ ಸೀಮೆಗೆ ಸರ್ಕಾರಿ ಮೆಡಿಕಲ್ ಅಂದರೆ 1961ರ ಬಳ್ಳಾರಿ ಕಾಲೇಜೇ. ರಾಯಚೂರಿಗೆ ಬಂದದ್ದು 2007ರಲ್ಲಿ, ಕೊಪ್ಪಳ, ಯಾದಗಿರಿ ಅದಕ್ಕೂ ಆಮೇಲೆ. ಸಕ್ಕರೆ ಕಾಯಿಲೆಯ ಕಾಲು ಅಷ್ಟು ವರ್ಷ ಕಾಯುವುದಿಲ್ಲ.

ಅಜ್ಜಿ ಇದ್ದಾರೆ. ಮೊಮ್ಮಗಳು ಆಗಲೇ ಡಾಕ್ಟರು ಅಂತ ತಿಳಿದು ಓಣಿಯವರಿಗೆಲ್ಲ ಗುಳಿಗೆ ಕೇಳೋಕೆ ಕಳಿಸ್ತಾರೆ.

ಕಳೆದ ತಿಂಗಳು ರಾತ್ರಿ ಹನ್ನೊಂದಕ್ಕೆ ನಮ್ಮ ಮೂವರ ಗ್ರೂಪಿಗೆ ಮೆಸೇಜು ಬಂತು. ಅನಾಟಮಿ ಇಂಟರ್ನಲ್ಸ್, ಫೇಲು. ಫಿಸಿಯಾಲಜಿ, ಒಂದು ಅಂಕದಲ್ಲಿ ಪಾಸು. ಫಾರ್ಮಾಲಿನ್ ವಾಸನೆಗೆ ಊಟ ಸೇರ್ತಿಲ್ಲ, ಪಕ್ಕದ ಬೆಂಚಿನವರು ಭಾಳ ಜೋರು ಇದ್ದಾರೆ. ಓದಿ ನಾವಿಬ್ಬರೂ ಏನು ಬರೆಯೋದು ಅಂತ ತಿಳಿಯದೆ ಸುಮ್ಮನಿದ್ವಿ. ಸಿಂಧನೂರು ಪ್ಲೇಸ್‌ಮೆಂಟ್ ಟೆಸ್ಟಿಗೆ ಓದ್ತಿದ್ಲು, ಲಿಂಗಸೂಗೂರು ಪ್ರಾಜೆಕ್ಟ್ ರಿಪೋರ್ಟು ತಿದ್ದುತ್ತಿದ್ಲು. ಹತ್ತು ನಿಮಿಷ ಬಿಟ್ಟು ಮತ್ತೊಂದು ಬಂತು.

"ಲಿಂಗಸೂಗೂರ, ಮಲಗಿದೇನ? ನರದ ಪೊರೆ ಕೆಪಾಸಿಟರ್ ಇದ್ದಂಗ ಅಂತ ಬರದಾರ ಫಿಸಿಯಾಲಜಿ ಪುಸ್ತಕದಾಗ. ಎರಡೂ ಕಡೆ ಚಾರ್ಜು ಹೆಂಗ ನಿಲ್ತದ, ಬೀಸೋಕಲ್ಲಿನಂಗ ತಿಳಿಯುವಂತಾದ್ದು ಏನರ ಹೇಳು. ವಾಯ್ಸ್ ನೋಟ್ ಕಳಿಸು."

ಲಿಂಗಸೂಗೂರು ಲ್ಯಾಪ್‌ಟಾಪ್ ಮುಚ್ಚಿ, ಕಾರಿಡಾರಿಗೆ ಹೋಗಿ, ರೆಕಾರ್ಡ್ ಒತ್ತಿದ್ಲು.